ನಾಲ್ಕೇ ರೊಟ್ಟಿ ತಿಂದರೂ ತೂಕ ಇಳಿಯುತ್ತಿಲ್ಲ. ಮನೆ ಊಟವನ್ನು ಸರಿಯಾಗಿ ಅಳೆಯುವುದು ಹೇಗೆ?

ಸಪ್ತಾಪುರದ ಟೀಚರ್
ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದವಳು. ವಯಸ್ಸು 38, ಎತ್ತರ 160 ಸೆಂ.ಮೀ., ತೂಕ 74 ಕಿಲೋ. ಎರಡು ತಿಂಗಳಿಂದ ತಿಂದದ್ದನ್ನೆಲ್ಲ ಫೋನಿನ ಆ್ಯಪ್‌ನಲ್ಲಿ ಬರೆಯುತ್ತಿದ್ದೇನೆ. ಅದರ ಪ್ರಕಾರ ಒಂದು ದಿನವೂ 1400 ಕ್ಯಾಲೊರಿ ದಾಟಿಲ್ಲ. ಬೆಳಿಗ್ಗೆ ಕೆಲಗೇರಿ ಕೆರೆ ಕಡೆ 40 ನಿಮಿಷ ನಡೆಯುತ್ತೇನೆ. ಆದರೂ ತೂಕ 74ರಲ್ಲೇ ನಿಂತಿದೆ. ಥೈರಾಯ್ಡ್ ಪರೀಕ್ಷೆ ಮಾಡಿಸಿದೆ, ಸರಿಯಾಗಿದೆ.

ಮಧ್ಯಾಹ್ನ ಎರಡು ಜೋಳದ ರೊಟ್ಟಿ, ರಾತ್ರಿ ಎರಡು. ಪಲ್ಯ, ಕಾಳು, ಸ್ವಲ್ಪ ಅನ್ನ, ಮಜ್ಜಿಗೆ. ಎರಡು ಹೊತ್ತು ಚಹಾ. ಕರಿದದ್ದು ವಾರಕ್ಕೊಮ್ಮೆಯೂ ಇಲ್ಲ.

ನನ್ನ ತೊಂದರೆ ಇಷ್ಟು. ಮನೆಯಲ್ಲಿ ಆರು ಜನ. ಅಡುಗೆ ಅತ್ತೆಯವರದ್ದು. ಎಲ್ಲರಿಗೂ ಒಂದೇ ಪಾತೇಲಿಯಲ್ಲಿ ಪಲ್ಯ. ಅದರಲ್ಲಿ ನನ್ನ ಪಾಲು ಎಷ್ಟು ಅಂತ ಹೇಗೆ ಅಳೆಯುವುದು? ಆ್ಯಪ್‌ನಲ್ಲಿ "ಒಂದು ಬಟ್ಟಲು" ಅಂತ ಇರುತ್ತದೆ, ಯಾರ ಮನೆಯ ಬಟ್ಟಲು ಅದು? ದಯವಿಟ್ಟು ಅನುಭವ ಇದ್ದವರು ಹೇಳಿ. "ಕಡಿಮೆ ತಿನ್ನಿ" ಅನ್ನುವ ಉತ್ತರ ಬೇಡ, ಕೇಳಿ ಕೇಳಿ ಸಾಕಾಗಿದೆ.

ಉಣಕಲ್ ವಾಕರ್
ನಡಿಗೆ ಒಂದು ತಾಸು ಮಾಡಿ ಮೇಡಂ. ಎಲ್ಲ ಸರಿಯಾಗುತ್ತದೆ.

ಗೋಕುಲ ರೋಡ್ ಇಂಜಿನಿಯರ್
ವಾಕರ್ ಅವರೇ, ಇನ್ನು 20 ನಿಮಿಷ ಜಾಸ್ತಿ ನಡೆದರೆ 70-80 ಕ್ಯಾಲೊರಿ ಖರ್ಚಾಗಬಹುದು. ಎರಡು ಚಿಕ್ಕ ಚಮಚ ಎಣ್ಣೆಯಲ್ಲಿ ಅದು ವಾಪಸ್ ಬರುತ್ತದೆ. ನಡಿಗೆ ಬೇಡ ಅಂತಲ್ಲ, ಹೃದಯಕ್ಕೆ, ಸಕ್ಕರೆ ಕಾಯಿಲೆಗೆ ತುಂಬಾ ಒಳ್ಳೆಯದು. ಆದರೆ ಮೇಡಂ ಕೇಳಿದ್ದು ಅಳತೆ ಬಗ್ಗೆ.

ಟೀಚರ್, ಮೊದಲ ಪ್ರಶ್ನೆ. ನಿಮ್ಮ ಆ್ಯಪ್ ಒಂದು ರೊಟ್ಟಿಗೆ ಎಷ್ಟು ಕ್ಯಾಲೊರಿ ಅನ್ನುತ್ತದೆ?

ಸಪ್ತಾಪುರದ ಟೀಚರ್
120.

ಗೋಕುಲ ರೋಡ್ ಇಂಜಿನಿಯರ್
ಸಿಕ್ಕಿತು. ನಿಮ್ಮ ಲೆಕ್ಕ ತಪ್ಪಿರುವ ಜಾಗ ಬಹುಶಃ ಇದೇ. ಜೋಳದ ಹಿಟ್ಟು 100 ಗ್ರಾಂಗೆ ಸುಮಾರು 335 ಕ್ಯಾಲೊರಿ. 120 ಅಂದರೆ 36 ಗ್ರಾಂ ಹಿಟ್ಟಿನ ರೊಟ್ಟಿ. ನಮ್ಮ ಕಡೆ ಮೆತ್ತನೆ ಬಿಸಿ ರೊಟ್ಟಿಯನ್ನು 36 ಗ್ರಾಂ ಹಿಟ್ಟಿನಲ್ಲಿ ಯಾರು ಬಡಿಯುತ್ತಾರೆ?

ಗದಗಿನ ರೊಟ್ಟಿ ಅಕ್ಕ
ಇದನ್ನು ನಾನು ಹೇಳುತ್ತೇನೆ. ಹನ್ನೊಂದು ವರ್ಷದಿಂದ ಮನೆಯಲ್ಲೇ ರೊಟ್ಟಿ ಮಾಡಿ ಮಾರುತ್ತಿದ್ದೇನೆ. ನಮಗೆ ಹಿಟ್ಟಿನ ಲೆಕ್ಕ ತಪ್ಪಿದರೆ ಲಾಭವೇ ಇಲ್ಲ, ಹಾಗಾಗಿ ಕೈಗೆ ಗೊತ್ತು.

ಒಂದು ಕಿಲೋ ಹಿಟ್ಟಿಗೆ ಮೆತ್ತನೆ ರೊಟ್ಟಿ 16ರಿಂದ 17 ಬರುತ್ತವೆ. ಅಂದರೆ ಒಂದಕ್ಕೆ 60 ಗ್ರಾಂ ಹಿಟ್ಟು. ಕಟಕ ರೊಟ್ಟಿ ತೆಳುವಾಗಿ ಬಡಿಯುತ್ತೇವೆ, 26 ತನಕ ಬರುತ್ತವೆ. ಒಂದಕ್ಕೆ 38 ಗ್ರಾಂ. ಖಾನಾವಳಿಯವರು ಕೆಲವರು ದೊಡ್ಡದು ಕೇಳುತ್ತಾರೆ, ಅದು ಕಿಲೋಗೆ 13-14 ಮಾತ್ರ.

ಇನ್ನೊಂದು ಮಾತು. ಬೇಯಿಸಿದ ರೊಟ್ಟಿಯನ್ನು ತೂಗಿ ಲೆಕ್ಕ ಹಾಕಬೇಡಿ. ಹಂಚಿನಿಂದ ತೆಗೆದಾಗ ಒಂದು ತೂಕ, ಬುಟ್ಟಿಯಲ್ಲಿ ಒಂದು ತಾಸು ಇದ್ದರೆ ಒಂದು ತೂಕ, ಒಣಗಿಸಿ ಕಟಕ ಮಾಡಿದರೆ ಇನ್ನೊಂದು. ಹೋಗುವುದು ಬರೀ ನೀರು. ಹಿಟ್ಟು ಅಲ್ಲೇ ಇರುತ್ತದೆ.

ಹಾವೇರಿ ಹುಡುಗ
ಅಕ್ಕಾ, ಕಟಕ ರೊಟ್ಟಿ ಹಗುರ, ಡಯಟ್‌ಗೆ ಒಳ್ಳೆಯದು ಅಂತ ನಾನು ದಿನಾ ಐದು ತಿನ್ನುತ್ತಿದ್ದೆನಲ್ಲ!

ಗದಗಿನ ರೊಟ್ಟಿ ಅಕ್ಕ
ಕೈಗೆ ಹಗುರ ತಮ್ಮಾ. ಐದು ಕಟಕ ರೊಟ್ಟಿ ಅಂದರೆ 190 ಗ್ರಾಂ ಹಿಟ್ಟು, ಮೂರು ಮೆತ್ತನೆ ರೊಟ್ಟಿಗಿಂತ ಜಾಸ್ತಿ. ಮುರಿದು ಮುರಿದು ತಿನ್ನುವಾಗ ಎಷ್ಟು ಹೋಯಿತು ಗೊತ್ತೇ ಆಗುವುದಿಲ್ಲ. ರೊಟ್ಟಿ ಒಳ್ಳೆಯದೇ. ಎಣಿಸಿ ಇಟ್ಟುಕೊಂಡು ತಿನ್ನು.

ಅರಳಿಕಟ್ಟಿ ಕಾಕಾ
ನನಗೆ 71. ಹಳೇ ಹುಬ್ಬಳ್ಳಿ. ನಮ್ಮ ಅಪ್ಪ ಆರು ರೊಟ್ಟಿ ಉಣ್ಣುತ್ತಿದ್ದರು, ಅವರ ಹೊಟ್ಟೆ ಬೆನ್ನಿಗೆ ಅಂಟಿತ್ತು. ಅನ್ನವನ್ನು ತಕ್ಕಡಿಯಲ್ಲಿಟ್ಟು ಉಣ್ಣುವುದು ನನಗೆ ಸರಿ ಕಾಣುವುದಿಲ್ಲ. ಊಟ ಅಂದರೆ ನಾಲ್ಕು ಜನ ಕೂತು ಮಾತಾಡಿ ಉಣ್ಣುವುದು. ಅದನ್ನೂ ಅಂಗಡಿ ವ್ಯವಹಾರ ಮಾಡಿಬಿಟ್ಟರೆ ಏನು ಉಳಿಯಿತು?

ಉಣಕಲ್ ವಾಕರ್
ಕಾಕಾ ಹೇಳಿದ್ದು ನೂರಕ್ಕೆ ನೂರು ಸರಿ.

ಗೋಕುಲ ರೋಡ್ ಇಂಜಿನಿಯರ್
ಕಾಕಾ, ನಿಮ್ಮ ಅಪ್ಪನವರು ಹೊಲದಲ್ಲಿ ಕುಂಟೆ ಹೊಡೆಯುತ್ತಿದ್ದರು ಅಲ್ವಾ? ನಾನು ಹತ್ತು ತಾಸು ಕುರ್ಚಿ ಮೇಲೆ ಕೂರುತ್ತೇನೆ. ಕೆಲಸಕ್ಕೆ ಹೋಗುವುದೂ ಚಿಗರಿ ಬಸ್ಸಿನಲ್ಲಿ. ಅವರ ಆರು ರೊಟ್ಟಿ ನನ್ನ ದೇಹ ಸುಡುವುದಿಲ್ಲ.

ಡಯಟಿಷಿಯನ್, ವಿದ್ಯಾನಗರ
ಟೀಚರ್, ನಿಮ್ಮ ಮೇಲೆ ನೀವು ಬೇಸರ ಮಾಡಿಕೊಳ್ಳಬೇಡಿ. ಇದು ಎಲ್ಲರಿಗೂ ಆಗುತ್ತದೆ. 1992ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಒಂದು ಅಧ್ಯಯನ ಬಂತು. "ದಿನಕ್ಕೆ 1200 ಕ್ಯಾಲೊರಿಯೂ ತಿನ್ನುವುದಿಲ್ಲ, ಆದರೂ ತೂಕ ಇಳಿಯುವುದಿಲ್ಲ" ಅನ್ನುವವರನ್ನೇ ಆರಿಸಿ ಪರೀಕ್ಷೆ ಮಾಡಿದ್ದರು. ಅವರ ದೇಹ ಎಷ್ಟು ಶಕ್ತಿ ಖರ್ಚು ಮಾಡುತ್ತಿದೆ ಅಂತ, ವಿಶೇಷ ಪರಮಾಣುಗಳಿಂದ ಗುರುತು ಹಾಕಿದ ನೀರು ಕುಡಿಸಿ ಅಳೆದರು. ಅವರು ಬರೆದುಕೊಟ್ಟದ್ದು ನಿಜವಾಗಿ ತಿಂದದ್ದಕ್ಕಿಂತ ಸರಾಸರಿ 47% ಕಡಿಮೆ ಇತ್ತು. ದೇಹದ ಚಟುವಟಿಕೆಯನ್ನು 51% ಜಾಸ್ತಿ ಹೇಳಿದ್ದರು. ಅವರ ದೇಹದ ಖರ್ಚಿನಲ್ಲಿ ಏನೂ ದೋಷ ಇರಲಿಲ್ಲ. ಕಣ್ಣಳತೆ, ನೆನಪು ಎರಡೂ ಅಷ್ಟು ಸುಲಭವಾಗಿ ತಪ್ಪುತ್ತವೆ.

ನನ್ನ ಹತ್ತಿರ ಬರುವವರಲ್ಲಿ ರೊಟ್ಟಿ ಮರೆಯುವವರು ಕಡಿಮೆ. ಮರೆಯುವುದು ರೊಟ್ಟಿ ಪಕ್ಕ ಇರುವುದನ್ನು. ಶೇಂಗಾ ಹಿಂಡಿ, ಅದರ ಮೇಲೆ ಹಸಿ ಎಣ್ಣೆ, ಗುರೆಳ್ಳು ಹಿಂಡಿ, ಕೆನೆ ಮೊಸರು, ಮಕ್ಕಳು ಬಿಟ್ಟ ತುತ್ತು. ನೀವು ಹಿಂಡಿ ಬರೆಯುತ್ತೀರಾ?

ಸಪ್ತಾಪುರದ ಟೀಚರ್
ಇಲ್ಲ. ಹಿಂಡಿ ಅಂದರೆ ಚಟ್ನಿ ಪುಡಿ ಅಲ್ವಾ, ಉಪ್ಪಿನಕಾಯಿ ಥರ ಅಂದುಕೊಂಡಿದ್ದೆ. ಎಣ್ಣೆ ಹಾಕಿಕೊಳ್ಳುತ್ತೇನೆ, ಎರಡೂ ಹೊತ್ತು.

ಬ್ಯಾಡಗಿ ಖಾರ
ಹಿಂಡಿ ಬಿಟ್ಟು ರೊಟ್ಟಿ ಹೇಗೆ ಇಳಿಯುತ್ತದೆ? ಹಿಂಡಿಗೆ ಕೈ ಹಾಕಬೇಡಿ ದಯವಿಟ್ಟು.

ಡಯಟಿಷಿಯನ್, ವಿದ್ಯಾನಗರ
ಬಿಡಬೇಡಿ, ಬರೆಯಿರಿ ಅಷ್ಟೇ. ಶೇಂಗಾ 100 ಗ್ರಾಂಗೆ ಸುಮಾರು 550 ಕ್ಯಾಲೊರಿ. ಅದರಲ್ಲಿ ಪ್ರೋಟೀನ್ ಸುಮಾರು 25 ಗ್ರಾಂ ಇದೆ, ಒಳ್ಳೆಯ ಆಹಾರ. ಒಂದು ಚಿಕ್ಕ ಚಮಚ ಎಣ್ಣೆ 5 ಮಿ.ಲೀ., ಸುಮಾರು 40 ಕ್ಯಾಲೊರಿ. ದೊಡ್ಡ ಚಮಚ 15 ಮಿ.ಲೀ., 120. ಶೇಂಗಾ ಎಣ್ಣೆ, ಕುಸುಬಿ ಎಣ್ಣೆ, ಸೂರ್ಯಕಾಂತಿ, ಯಾವುದಾದರೂ ಕ್ಯಾಲೊರಿ ಒಂದೇ. ಗಾಣದ ಎಣ್ಣೆ ಅಂತ ಕಡಿಮೆ ಆಗುವುದಿಲ್ಲ.

ಬ್ಯಾಡಗಿ ಖಾರ
ಹಿಂಡಿಗೆ ಎಣ್ಣೆ ಬದಲು ಗಟ್ಟಿ ಮೊಸರು ಕಲಸಿ ನೋಡಿ ಟೀಚರ್. ನಮ್ಮ ಮನೆಯಲ್ಲಿ ಮೊದಲಿಂದ ಹಾಗೇ. ಜೊತೆಗೆ ಹಸಿ ಮೆಂತ್ಯ ಸೊಪ್ಪು, ಮೂಲಂಗಿ, ಉಳ್ಳಾಗಡ್ಡಿ ತಪ್ಪಲು. ರುಚಿ ಎಲ್ಲೂ ಹೋಗುವುದಿಲ್ಲ.

ಕೇಶ್ವಾಪುರ ಹೊಸಬ
ಒಂದು ನಿಮಿಷ. ಹೈದರಾಬಾದ್‌ನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿಯಲ್ಲಿ ಜೋಳ 100 ಗ್ರಾಂಗೆ 1398 ಅಂತ ಇದೆ! ಮೇಲೆ 335 ಅಂತ ಬರೆದಿದ್ದಾರೆ. ಯಾಕೆ ತಪ್ಪು ಮಾಹಿತಿ ಕೊಡುತ್ತೀರಿ? ಜೋಳ ತಿಂದೇ ದಪ್ಪ ಆಗುತ್ತಿದ್ದೇವೆ ಅಂತ ಆಯಿತಲ್ಲ.

ಡಯಟಿಷಿಯನ್, ವಿದ್ಯಾನಗರ
ಆ ಪಟ್ಟಿಯಲ್ಲಿ ಶಕ್ತಿಯನ್ನು ಕಿಲೋ ಜೂಲ್‌ನಲ್ಲಿ ಕೊಟ್ಟಿದ್ದಾರೆ. ಅದನ್ನು 4.184ರಿಂದ ಭಾಗಿಸಿ. 334 ಬರುತ್ತದೆ. ತುಂಬಾ ಜನ ಇಲ್ಲೇ ಎಡವುತ್ತಾರೆ, ಕೇಳಿದ್ದು ಒಳ್ಳೆಯದಾಯಿತು. ಅದರಲ್ಲಿ 528 ಆಹಾರಗಳಿವೆ, ನಮ್ಮ ದೇಶದಲ್ಲೇ ಸಂಗ್ರಹಿಸಿ ಪರೀಕ್ಷೆ ಮಾಡಿದವು. ಯಾರೋ ಬಳಕೆದಾರರು ಆ್ಯಪ್‌ಗೆ ಹಾಕಿದ ಅಂಕಿಗಿಂತ ಅದನ್ನು ನಂಬಿ. ಆದರೆ ಅಲ್ಲಿರುವುದು ಹಸಿ ಪದಾರ್ಥದ ಲೆಕ್ಕ. ಅಕ್ಕಿ ಇದೆ, ಅನ್ನ ಅಲ್ಲ. ಅಕ್ಕಿ 100 ಗ್ರಾಂಗೆ ಸುಮಾರು 350. ಅದೇ ಅಕ್ಕಿ ನೀರು ಕುಡಿದು ಅನ್ನವಾದರೆ 100 ಗ್ರಾಂಗೆ 130ರ ಆಸುಪಾಸು. ಅನ್ನ ತೂಗಿ ಅಕ್ಕಿಯ ಲೆಕ್ಕ ಹಾಕಿದರೆ ಒಂದಕ್ಕೆ ಎರಡೂವರೆ ಪಟ್ಟು ಆಗಿಬಿಡುತ್ತದೆ.

ಕೇಶ್ವಾಪುರ ಹೊಸಬ
ಕ್ಷಮಿಸಿ ಮೇಡಂ. ಈಗ ಗೊತ್ತಾಯಿತು.

ಗೋಕುಲ ರೋಡ್ ಇಂಜಿನಿಯರ್
ಈಗ ಟೀಚರ್ ಕೇಳಿದ ಮುಖ್ಯ ಪ್ರಶ್ನೆ, ಒಂದೇ ಪಾತೇಲಿ, ಆರು ಜನ. ನಾನು ಎರಡು ವರ್ಷ ಮಾಡಿದ ಪದ್ಧತಿ ಹೇಳುತ್ತೇನೆ. ಉದ್ದ ಆಗುತ್ತದೆ, ಆದರೆ ಒಮ್ಮೆ ಕೈಗೆ ಬಂದರೆ ದಿನಕ್ಕೆ ಐದು ನಿಮಿಷದ ಕೆಲಸ.

ಒಂದು ಡಿಜಿಟಲ್ ಅಡುಗೆ ತಕ್ಕಡಿ ಬೇಕು. ಒಂದೊಂದು ಗ್ರಾಂ ತೋರಿಸುವಂಥದ್ದು, 5 ಕಿಲೋ ತನಕ ತಡೆಯುವಂಥದ್ದು. ಬೆಲೆ ಜಾಸ್ತಿ ಏನಿಲ್ಲ. ತಂದ ದಿನವೇ ಪರೀಕ್ಷೆ ಮಾಡಿ: ಖಾಲಿ ಪಾತ್ರೆ ಇಟ್ಟು ಸೊನ್ನೆ ಮಾಡಿ, ಹೊಸ ಒಂದು ಲೀಟರ್ ನೀರಿನ ಬಾಟಲಿ ಸುರಿಯಿರಿ. 1000 ಗ್ರಾಂ ಹತ್ತಿರ ತೋರಿಸಬೇಕು. ಸೆಲ್ ಕಡಿಮೆಯಾದಾಗ ಸುಳ್ಳು ತೋರಿಸುತ್ತದೆ, ಅದಕ್ಕೇ ಆಗಾಗ ನೋಡುತ್ತಿರಿ.

ಮನೆಯ ಪಾತೇಲಿ, ಬೋಗುಣಿ, ಕುಕ್ಕರ್, ಎಲ್ಲದರ ಖಾಲಿ ತೂಕ ಒಮ್ಮೆ ತೂಗಿ ಅಡುಗೆಮನೆ ಕಪಾಟಿನ ಒಳಬಾಗಿಲಿಗೆ ಚೀಟಿ ಅಂಟಿಸಿ. ಪಲ್ಯ ಆದಮೇಲೆ ಪಾತೇಲಿ ಸಮೇತ ತೂಗಿ ಖಾಲಿ ತೂಕ ಕಳೆಯಿರಿ. ಒಳಗೆ ಹಾಕಿದ್ದರ ಕ್ಯಾಲೊರಿ ಕೂಡಿಸಿ, ಆ ಮೊತ್ತವನ್ನು ಪಲ್ಯದ ತೂಕದಿಂದ ಭಾಗಿಸಿ. ಒಂದು ಗ್ರಾಂ ಪಲ್ಯಕ್ಕೆ ಎಷ್ಟು ಅಂತ ಬರುತ್ತದೆ. ನಿಮ್ಮ ತಟ್ಟೆಗೆ ಎಷ್ಟು ಗ್ರಾಂ ಬಿತ್ತೋ ಅಷ್ಟು ನಿಮ್ಮ ಪಾಲು. ಆರು ಜನ ಇರಲಿ, ಹದಿನಾರು ಜನ ಇರಲಿ.

ನಮ್ಮ ಮನೆ ಬದನೆಕಾಯಿ ಎಣಗಾಯಿ ಲೆಕ್ಕ ನೋಡಿ. ಅರ್ಧ ಕಿಲೋ ಬದನೆಕಾಯಿ 125 ಕ್ಯಾಲೊರಿ. ಶೇಂಗಾ 100 ಗ್ರಾಂ, 550. ಎಣ್ಣೆ 60 ಗ್ರಾಂ, 540. ಒಣ ಕೊಬ್ಬರಿ 20 ಗ್ರಾಂ, 130. ಎಳ್ಳು 20 ಗ್ರಾಂ, 115. ಬೆಲ್ಲ 15 ಗ್ರಾಂ, 57. ಉಳ್ಳಾಗಡ್ಡಿ 45. ಒಟ್ಟು 1562. ಆದಮೇಲೆ ಪಲ್ಯ 1040 ಗ್ರಾಂ ಇತ್ತು. ಅಂದರೆ ಗ್ರಾಂಗೆ ಒಂದೂವರೆ ಕ್ಯಾಲೊರಿ. ನಾನು 150 ಗ್ರಾಂ ಬಡಿಸಿಕೊಂಡರೆ 225.

ಬದನೆಕಾಯಿ ಪಾಲು ಬರೀ 125 ನೋಡಿ. ಆ್ಯಪ್‌ನಲ್ಲಿ "ಬದನೆಕಾಯಿ ಪಲ್ಯ ಒಂದು ಬಟ್ಟಲು" ಅಂತ ಒತ್ತಿದರೆ ಅದರಲ್ಲಿ ಯಾರ ಮನೆ ಎಣ್ಣೆ ಇದೆ ಹೇಳಿ.

ಉಣಕಲ್ ವಾಕರ್
ಇಷ್ಟೆಲ್ಲ ಮಾಡುವ ಹೊತ್ತಿಗೆ ರೊಟ್ಟಿ ಆರಿ ಹೋಗುತ್ತದೆ ಸರ್.

ಗೋಕುಲ ರೋಡ್ ಇಂಜಿನಿಯರ್
ಮೊದಲ ವಾರ ಹಾಗೇ ಅನಿಸುತ್ತದೆ. ಆದರೆ ಮನೆಯಲ್ಲಿ ತಿರುಗಿ ತಿರುಗಿ ಮಾಡುವುದು ಹನ್ನೆರಡು ಹದಿಮೂರು ಪಲ್ಯ. ಒಂದೊಂದರ ಲೆಕ್ಕ ಒಮ್ಮೆ ಬರೆದಿಟ್ಟರೆ ಮುಗಿಯಿತು. ನನ್ನ ತೂಕ 91 ಇತ್ತು, ಈಗ 78. ಸುಮ್ನೆ ಹೇಳುತ್ತಿಲ್ಲ.

ಸಪ್ತಾಪುರದ ಟೀಚರ್
ಇದು ತುಂಬಾ ಉಪಯೋಗ ಆಯಿತು ಸರ್. ಆದರೆ ಅತ್ತೆಯವರು ಕೈಯಳತೆಯಲ್ಲಿ ಎಣ್ಣೆ ಸುರಿಯುತ್ತಾರೆ. 63 ವರ್ಷ. ಅವರ ಪಕ್ಕ ತಕ್ಕಡಿ ಹಿಡಿದು ನಿಂತರೆ ಅವರಿಗೆ ಏನನಿಸುತ್ತದೆ? ನನ್ನ ಅಡುಗೆ ಮೇಲೆ ನಂಬಿಕೆ ಇಲ್ಲ ಅಂದುಕೊಳ್ಳುತ್ತಾರೆ. ಅವರ ಮನಸ್ಸು ನೋಯಿಸಿ ನನಗೆ ತೂಕ ಇಳಿಸುವುದು ಬೇಡ.

ನವಲಗುಂದದ ಸೊಸೆ
ಟೀಚರ್ ಅಕ್ಕಾ, ನಮ್ಮ ಮನೆಯಲ್ಲೂ ಇದೇ ಆಗಿತ್ತು. ಮೊದಲ ದಿನ ರೊಟ್ಟಿ ತೂಗಿದಾಗ ನಮ್ಮ ಅತ್ತೆ "ಯಾಕವ್ವಾ, ಬಂಗಾರ ತೂಗಿದ್ಹಂಗ ರೊಟ್ಟಿ ತೂಗಾಕತ್ತೀ? ನಾ ಏನ್ ಕಡಿಮಿ ಮಾಡೇನಿ ನಿನಗ?" ಅಂದುಬಿಟ್ಟರು. ಅವತ್ತು ನಾನು ಉಣ್ಣಲೇ ಇಲ್ಲ, ಅಷ್ಟು ಅಳು ಬಂತು.

ಆಮೇಲೆ ಒಂದು ದಾರಿ ಸಿಕ್ಕಿತು. ಎಣ್ಣೆ ಡಬ್ಬಿಯನ್ನು ಅಡುಗೆಗೆ ಮೊದಲು ಒಮ್ಮೆ ತೂಗುತ್ತೇನೆ, ಅಡುಗೆ ಮುಗಿದ ಮೇಲೆ ಒಮ್ಮೆ. ಎಷ್ಟು ಕಡಿಮೆಯಾಯಿತೋ ಅಷ್ಟು ಪಲ್ಯದಲ್ಲಿದೆ. ಅವರ ಕೈಗೆ ಯಾರೂ ಅಡ್ಡ ಬರುವುದಿಲ್ಲ. ಹಿಟ್ಟಿನ ಡಬ್ಬಿಗೂ ಅದೇ. ರೊಟ್ಟಿ ಎಷ್ಟಾದವು ಅಂತ ಎಣಿಸಿ ಭಾಗಿಸಿದರೆ ಒಂದಕ್ಕೆ ಎಷ್ಟು ಹಿಟ್ಟು ಗೊತ್ತಾಗುತ್ತದೆ. ಹಚ್ಚುವ ಹಿಟ್ಟೂ ಅದರಲ್ಲೇ ಬರುತ್ತದೆ.

ಒಂದು ತಿಂಗಳಾದ ಮೇಲೆ ಕೂತು ಹೇಳಿದೆ, ನನ್ನ ಮೊಣಕಾಲು ನೋವಿಗೆ ಡಾಕ್ಟರ್ ತೂಕ ಇಳಿಸಲು ಹೇಳಿದ್ದಾರೆ ಅಂತ. ಈಗ ಅವರೇ "ಇವತ್ತು ಎಣ್ಣಿ ಎಷ್ಟ್ ಹೋತು ನೋಡು" ಅನ್ನುತ್ತಾರೆ.

ಗದಗಿನ ರೊಟ್ಟಿ ಅಕ್ಕ
ಬಾಳ ಛಲೋ ಮಾಡಿದಿ ತಂಗಿ. ಮನೆಯಲ್ಲಿ ಹೇಳುವ ರೀತಿ ಮುಖ್ಯ.

ಗೋಕುಲ ರೋಡ್ ಇಂಜಿನಿಯರ್
ಡಬ್ಬಿ ತೂಗುವ ಉಪಾಯ ನನಗೂ ಹೊಳೆದಿರಲಿಲ್ಲ. ಅದಕ್ಕೂ ಸುಲಭದ್ದು ತಿಂಗಳ ಲೆಕ್ಕ. ನಾಲ್ಕು ಜನರ ಮನೆಗೆ ತಿಂಗಳಿಗೆ 5 ಲೀಟರ್ ಕ್ಯಾನ್ ಒಂದು ಮುಗಿದರೆ ತಲೆಗೆ ದಿನಕ್ಕೆ 38 ಗ್ರಾಂ ಎಣ್ಣೆ. 340 ಕ್ಯಾಲೊರಿ ಬರೀ ಎಣ್ಣೆಯಿಂದ. 2024ರಲ್ಲಿ ಬಂದ ಪೋಷಣಾ ಸಂಸ್ಥೆಯ ಮಾರ್ಗಸೂಚಿಯಲ್ಲಿ 2000 ಕ್ಯಾಲೊರಿ ಊಟಕ್ಕೆ 27 ಗ್ರಾಂ ಅಂತ ಇದೆ, ಧಾನ್ಯ 250 ಗ್ರಾಂ, ತರಕಾರಿ 400 ಗ್ರಾಂ.

ಹಾವೇರಿ ಹುಡುಗ
ನನ್ನಂಥವರು ಏನು ಮಾಡಬೇಕು? ಹುಬ್ಬಳ್ಳಿಯಲ್ಲಿ ರೂಮ್ ಮಾಡಿಕೊಂಡಿದ್ದೇನೆ, ಎರಡೂ ಹೊತ್ತು ಖಾನಾವಳಿ. ಅಲ್ಲಿ ತಕ್ಕಡಿ ತೆಗೆದುಕೊಂಡು ಹೋಗಲು ಆಗುವುದಿಲ್ಲ. ಸಂಜೆ ಗೆಳೆಯರ ಜೊತೆ ದುರ್ಗದಬೈಲಿಗೆ ಹೋದರೆ ಗಿರ್ಮಿಟ್, ಮಿರ್ಚಿ ಭಜಿ.

ಡಯಟಿಷಿಯನ್, ವಿದ್ಯಾನಗರ
ಒಂದು ದಿನ ಖಾನಾವಳಿಯಿಂದ ಊಟ ಪಾರ್ಸೆಲ್ ತನ್ನಿ. ರೂಮಿನಲ್ಲಿ ರೊಟ್ಟಿ, ಅನ್ನ, ಪಲ್ಯ ಬೇರೆ ಬೇರೆ ತೂಗಿ ಫೋಟೊ ತೆಗೆದಿಟ್ಟುಕೊಳ್ಳಿ. ಅದು ನಿಮ್ಮ ಕಣ್ಣಿಗೆ ಪಾಠ. ಆಮೇಲೆ ಎಣಿಕೆ ಸಾಕು. ಒಂದು ಮುಷ್ಟಿ ಗಾತ್ರದ ಅನ್ನ ಸುಮಾರು 200 ಕ್ಯಾಲೊರಿ ಅಂತ ಇಟ್ಟುಕೊಳ್ಳಿ. ಪಲ್ಯದಲ್ಲಿ ಎಣ್ಣೆ ತೇಲುತ್ತಿದ್ದರೆ ಒಂದು ದೊಡ್ಡ ಚಮಚ ಎಣ್ಣೆ ಜಾಸ್ತಿಯೇ ಬರೆಯಿರಿ. ಹೊರಗಿನ ಊಟದಲ್ಲಿ ತಪ್ಪುವುದಾದರೆ ಜಾಸ್ತಿ ಕಡೆಗೆ ತಪ್ಪಿ.

ಗಿರ್ಮಿಟ್‌ನಲ್ಲಿ ಚುರಮುರಿ ಹೆಚ್ಚು ತೂಕ ಇರುವುದಿಲ್ಲ. 40 ಗ್ರಾಂ ಅಂದರೆ ದೊಡ್ಡ ಬಟ್ಟಲು ತುಂಬುತ್ತದೆ, 150ರ ಒಳಗೆ. ಮೇಲೆ ಹಾಕುವ ಒಗ್ಗರಣೆ ಮತ್ತು ಸೇವು ನೋಡಿಕೊಳ್ಳಿ. ಮಿರ್ಚಿ ಎಣಿಸಿ.

ಬ್ಯಾಡಗಿ ಖಾರ
ಗಿರ್ಮಿಟ್ ಅಂದರೆ ಗದಗಿನದ್ದು. ಹುಬ್ಬಳ್ಳಿಯವರು ಹುರಿಗಡಲೆ ಪುಡಿ ಕಡಿಮೆ ಹಾಕುತ್ತಾರೆ.

ಕೇಶ್ವಾಪುರ ಹೊಸಬ
ಯಾರು ಹೇಳಿದ್ದು? ಬನ್ನಿ ಒಮ್ಮೆ ನಮ್ಮ ಕಡೆ.

ಗದಗಿನ ರೊಟ್ಟಿ ಅಕ್ಕ
ಗದಗಿನ ಮಿರ್ಚಿಗೆ ಸಮ ಯಾವುದೂ ಇಲ್ಲ. ಇದರಲ್ಲಿ ವಾದವೇ ಬೇಡ.

ಉಣಕಲ್ ವಾಕರ್
ತೂಕ ಇಳಿಸುವ ಮಾತು ಎಲ್ಲಿಗೆ ಬಂತು ನೋಡಿ. ಬೆಳಿಗ್ಗೆ ನೃಪತುಂಗ ಬೆಟ್ಟ ಹತ್ತಿ, ಸಂಜೆ ಮಿರ್ಚಿ ತಿನ್ನಿ.

ಶಿಗ್ಗಾಂವಿಯಿಂದ
ನಾನು ಒಂದು ಗಂಭೀರ ವಿಷಯ ಹೇಳಬೇಕು. ತೂಗುವುದು ಎಲ್ಲರಿಗೂ ಒಳ್ಳೆಯದಲ್ಲ. ಮೂರು ವರ್ಷದ ಹಿಂದೆ ಒಂದು ಜಿಮ್‌ನಲ್ಲಿ ದಿನಕ್ಕೆ 800 ಕ್ಯಾಲೊರಿ ಚೀಟಿ ಬರೆದುಕೊಟ್ಟರು. ನಾನು ಗ್ರಾಂ ಗ್ರಾಂ ತೂಗಿ ಪಾಲಿಸಿದೆ. ಎರಡು ತಿಂಗಳಲ್ಲಿ 9 ಕಿಲೋ ಇಳಿಯಿತು. ಕೂದಲು ಉದುರಿತು, ಮುಟ್ಟು ನಿಂತಿತು. ಅಕ್ಕನ ಮದುವೆಯಲ್ಲಿ ಹೋಳಿಗೆ ತಿಂದಿದ್ದಕ್ಕೆ ರಾತ್ರಿಯೆಲ್ಲ ನಿದ್ದೆ ಮಾಡಲಿಲ್ಲ. ಅಂಕಿ ತಲೆಯಲ್ಲಿ ಕೂತುಬಿಟ್ಟಿತ್ತು. ಡಾಕ್ಟರ್ ಹತ್ತಿರ ಹೋಗಿ ಸರಿಯಾಗಲು ಒಂದು ವರ್ಷ ಬೇಕಾಯಿತು. ಈಗ ನಾನು ತಕ್ಕಡಿ ಮುಟ್ಟುವುದಿಲ್ಲ, ಅರ್ಧ ತಟ್ಟೆ ತರಕಾರಿ ಇಡುತ್ತೇನೆ ಅಷ್ಟೇ.

ಟೀಚರ್, ನಿಮಗೂ ಆ ಥರ ಅನಿಸತೊಡಗಿದರೆ ದಯವಿಟ್ಟು ಅಲ್ಲೇ ನಿಲ್ಲಿಸಿ.

ಡಯಟಿಷಿಯನ್, ವಿದ್ಯಾನಗರ
ಹೇಳಿದ್ದಕ್ಕೆ ಧನ್ಯವಾದ. ಇದನ್ನು ಎಲ್ಲರೂ ಓದಬೇಕು. 800 ಕ್ಯಾಲೊರಿಯನ್ನು ವೈದ್ಯರ ನಿಗಾ ಇಲ್ಲದೆ ಯಾರಿಗೂ ಕೊಡಬಾರದು. ನಮ್ಮ ರಾಷ್ಟ್ರೀಯ ಮಾರ್ಗಸೂಚಿಯಲ್ಲೇ ತೂಕ ಇಳಿಸುವ ಊಟ ದಿನಕ್ಕೆ 1000 ಕ್ಯಾಲೊರಿಗಿಂತ ಕಡಿಮೆ ಇರಬಾರದು, ವಾರಕ್ಕೆ ಅರ್ಧ ಕಿಲೋ ಇಳಿದರೆ ಸಾಕು ಅಂತ ಇದೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಥರದ ಮಾತ್ರೆ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡುವ ಮೊದಲು ನಿಮ್ಮ ಡಾಕ್ಟರನ್ನು ಕೇಳಿ. ಸಕ್ಕರೆ ಅಂಶ ಒಮ್ಮೆಲೇ ಇಳಿದುಬಿಡುತ್ತದೆ. ಬಸುರಿಯರು, ಹಾಲೂಡಿಸುವವರು ಈ ಗೊಡವೆಗೆ ಹೋಗಬೇಡಿ.

ಅರಳಿಕಟ್ಟಿ ಕಾಕಾ
ಎಲ್ಲರ ಮಾತೂ ಓದಿದೆ. ರಾತ್ರಿ ಮಲಗಿದಾಗ ಒಂದು ನೆನಪಾಯಿತು.

ನಮ್ಮ ಅಜ್ಜಿ ದಿನಾ ಬೆಳಿಗ್ಗೆ ಜೋಳದ ಚೀಲದಿಂದ ಸೇರಿನಲ್ಲಿ ಅಳೆದು ಜೋಳ ತೆಗೆಯುತ್ತಿದ್ದಳು. ಬೇಳೆಗೆ ಪಾವಸೇರು. ಎಣ್ಣೆಗೆ ಒಂದು ಸಣ್ಣ ಮಿಳ್ಳಿ. ಅದು ಮುಗಿದರೆ ಅವತ್ತಿಗೆ ಎಣ್ಣೆ ಮುಗಿಯಿತು, ಮತ್ತೆ ಡಬ್ಬಿಗೆ ಕೈ ಹಾಕುವಂತಿರಲಿಲ್ಲ. ಮನೆಗೆ ಹನ್ನೊಂದು ಜನ. ಎಷ್ಟು ಜನ ಉಣ್ಣುತ್ತಾರೆ ಅಂತ ಎಣಿಸಿಯೇ ಅಳೆಯುತ್ತಿದ್ದಳು. ಅಳತೆ ಇತ್ತು. ತಟ್ಟೆಯಲ್ಲಿ ಇರಲಿಲ್ಲ, ಡಬ್ಬಿಯ ಹತ್ತಿರ ಇತ್ತು. ನಾವು ಮಕ್ಕಳು ಅದನ್ನು ನೋಡಿಯೂ ನೋಡಿರಲಿಲ್ಲ.

ನವಲಗುಂದದ ತಂಗಿ ಡಬ್ಬಿ ತೂಗುತ್ತೇನೆ ಅಂದಳಲ್ಲ, ಅದಕ್ಕೆ ನನ್ನ ಒಪ್ಪಿಗೆ ಇದೆ.

ಕೇಶ್ವಾಪುರ ಹೊಸಬ
ಕಾಕಾ, ಸೇರು ಅಂದರೆ ಎಷ್ಟು ಗ್ರಾಂ?

ಅರಳಿಕಟ್ಟಿ ಕಾಕಾ
80 ತೊಲ ಒಂದು ಸೇರು, 933 ಗ್ರಾಂ. ಹದಿನಾರು ಚಟಾಕು ಸೇರಿದರೆ ಒಂದು ಸೇರು. ಕಿಲೋ ಬರುವ ಮೊದಲು ಅಂಗಡಿಯಲ್ಲಿ ಅದೇ ನಡೆಯುತ್ತಿತ್ತು.

ಗದಗಿನ ರೊಟ್ಟಿ ಅಕ್ಕ
ಕಾಕಾ, ಅದು ತೂಕದ ಸೇರು. ಹಳ್ಳಿಯಲ್ಲಿ ಕಾಳು ಅಳೆಯುವ ಸೇರು ಪಾತ್ರೆಯದ್ದು. ಅದರಲ್ಲಿ ಜೋಳ ಹಾಕಿದರೆ ಒಂದು ತೂಕ, ಹೆಸರು ಹಾಕಿದರೆ ಇನ್ನೊಂದು. ಊರಿಂದ ಊರಿಗೂ ಸೇರು ಬೇರೆ ಇತ್ತು ಅಂತ ನಮ್ಮ ಅವ್ವ ಹೇಳುತ್ತಿದ್ದಳು.

ಅರಳಿಕಟ್ಟಿ ಕಾಕಾ
ನಿಜ ತಂಗಿ. ಅಂಚಿಗೆ ಸಮ ಮಾಡಿ ಅಳೆದರೆ ಒಂದು, ಗೋಪುರ ಮಾಡಿ ಅಳೆದರೆ ಒಂದು. ಅದರ ಮೇಲೆ ಜಗಳವೂ ಆಗುತ್ತಿತ್ತು.

ಗೋಕುಲ ರೋಡ್ ಇಂಜಿನಿಯರ್
ಇದೇ ಕಾರಣಕ್ಕೆ ನಾನು ಬಟ್ಟಲು, ಚಮಚ ಬಿಟ್ಟು ಗ್ರಾಂಗೆ ಬಂದೆ. ಒಂದೇ ಬಟ್ಟಲಿಗೆ ಜೋಳದ ಹಿಟ್ಟನ್ನು ಸಡಿಲವಾಗಿ ಹಾಕಿ ತೂಗಿದೆ, ಒತ್ತಿ ತುಂಬಿ ತೂಗಿದೆ. ಕಾಲು ಭಾಗ ವ್ಯತ್ಯಾಸ ಬಂತು. ಹಿಂಡಿ ಚಮಚ ಗೋಪುರ ಆದರೆ ಎರಡು ಪಟ್ಟು.

ಸಪ್ತಾಪುರದ ಟೀಚರ್
ಎಂಟು ದಿನ ಆಯಿತು. ತಕ್ಕಡಿ ತಂದೆ. ಮೊದಲ ವಾರ ಊಟ ಒಂದಿಷ್ಟೂ ಬದಲಿಸಲಿಲ್ಲ, ಬರೀ ತೂಗಿ ಬರೆದೆ. ಡಬ್ಬಿ ತೂಗುವ ಪದ್ಧತಿಯೇ ಮಾಡಿದೆ. ಅತ್ತೆಯವರಿಗೂ ಮೊದಲೇ ಕೂತು ಹೇಳಿದೆ. ಅವರಿಗೆ ಬೇಸರ ಆಗಲಿಲ್ಲ, ನಾನೇ ಸುಮ್ನೆ ಹೆದರಿದ್ದೆ.

ನಮ್ಮ ರೊಟ್ಟಿ ಒಂದಕ್ಕೆ 60 ಗ್ರಾಂ ಹಿಟ್ಟು. ಗದಗಿನ ಅಕ್ಕ ಹೇಳಿದ್ದು ಸರಿಯಾಗಿ ಅಷ್ಟೇ. ಅಂದರೆ ಒಂದಕ್ಕೆ 200, ನಾನು ಬರೆದದ್ದು 120. ನಾಲ್ಕು ರೊಟ್ಟಿಗೆ 320 ಬಿಟ್ಟುಹೋಗಿತ್ತು. ಹಿಂಡಿ ದಿನಕ್ಕೆ 20 ಗ್ರಾಂ ತಿನ್ನುತ್ತಿದ್ದೆ, 100. ಅದರ ಮೇಲಿನ ಎಣ್ಣೆ ಎರಡು ಚಿಕ್ಕ ಚಮಚ, 80. ಚಹಾ ಒಂದಕ್ಕೆ ಆ್ಯಪ್‌ನಲ್ಲಿ 30 ಅಂತ ಇತ್ತು. ನಮ್ಮದು ಹಾಲಿನ ಚಹಾ, ಎರಡು ಚಮಚ ಸಕ್ಕರೆ. ತೂಗಿದರೆ ಒಂದು ಕಪ್ 90. ಎರಡಕ್ಕೆ 120 ವ್ಯತ್ಯಾಸ.

ಎಲ್ಲ ಕೂಡಿದರೆ 620. ನಾನು 1400 ಅಂದುಕೊಂಡದ್ದು 2020 ಆಗಿತ್ತು. ಎರಡು ತಿಂಗಳು ನನ್ನ ದೇಹದಲ್ಲೇ ಏನೋ ದೋಷ ಇದೆ ಅಂತ ಕೊರಗಿದ್ದೆ. ಲೆಕ್ಕ ನೋಡಿದ ದಿನ ನಿಜವಾಗಿ ಹಗುರ ಅನಿಸಿತು.

ಡಯಟಿಷಿಯನ್, ವಿದ್ಯಾನಗರ
ನಿಮ್ಮ ಎತ್ತರ, ತೂಕ, ವಯಸ್ಸಿಗೆ ದಿನದ ಖರ್ಚು ಹೆಚ್ಚು ಕಡಿಮೆ ಅಷ್ಟೇ ಬರುತ್ತದೆ. ತೂಕ ನಿಂತಲ್ಲೇ ನಿಂತಿದ್ದು ಅದಕ್ಕೇ. ಈಗ 1600ರ ಹತ್ತಿರ ಬನ್ನಿ, ಅದಕ್ಕಿಂತ ಕೆಳಗೆ ಬೇಡ. ಬೇಳೆ, ಮೊಳಕೆ ಕಾಳು ಕಡಿಮೆ ಮಾಡಬೇಡಿ. ತೂಕ ದಿನಾ ಬೆಳಿಗ್ಗೆ ನೋಡಿದರೂ ವಾರದ ಸರಾಸರಿ ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಉಪ್ಪು ಜಾಸ್ತಿ ತಿಂದ ಮರುದಿನ, ಮುಟ್ಟಿನ ಮುಂಚಿನ ದಿನಗಳಲ್ಲಿ ಒಂದು ಒಂದೂವರೆ ಕಿಲೋ ನೀರೇ ಏರುತ್ತದೆ. ಅದು ಕೊಬ್ಬಲ್ಲ, ಹೆದರಬೇಡಿ.

ಸಪ್ತಾಪುರದ ಟೀಚರ್
ಆರು ವಾರದ ನಂತರ ಬರೆಯುತ್ತಿದ್ದೇನೆ. ವಾರದ ಸರಾಸರಿ 74.2 ಇದ್ದದ್ದು 71.9 ಆಗಿದೆ. ರಾತ್ರಿ ಒಂದು ರೊಟ್ಟಿ ಬಿಟ್ಟೆ, ಆ ಜಾಗಕ್ಕೆ ಮಡಿಕೆ ಕಾಳು. ಹಿಂಡಿಗೆ ಎಣ್ಣೆ ಬದಲು ಮೊಸರು. ಚಹಾಕ್ಕೆ ಅರ್ಧ ಚಮಚ ಸಕ್ಕರೆ. ಪಲ್ಯದ ಎಣ್ಣೆಯನ್ನು ಅತ್ತೆಯವರೇ ಕಡಿಮೆ ಮಾಡಿದ್ದಾರೆ, ಮಾವನವರ ಬಿ.ಪಿ.ಗೂ ಒಳ್ಳೆಯದು ಅಂತ. ಈಗ ದಿನಾ ತೂಗುತ್ತಿಲ್ಲ. ವಾರಕ್ಕೆ ಎರಡು ದಿನ ಮಾತ್ರ, ಕಣ್ಣು ಸರಿಯಿದೆಯಾ ನೋಡಲು. ಶಿಗ್ಗಾಂವಿಯವರ ಮಾತು ಮನಸ್ಸಿನಲ್ಲಿದೆ.

ಶಿಗ್ಗಾಂವಿಯಿಂದ
ಓದಿ ತುಂಬಾ ಖುಷಿ ಆಯಿತು ಟೀಚರ್.

ಹಾವೇರಿ ಹುಡುಗ
ನಾನೂ ಪಾರ್ಸೆಲ್ ತಂದು ತೂಗಿದೆ. ಖಾನಾವಳಿಯ ಅನ್ನ 380 ಗ್ರಾಂ ಇತ್ತು! 500 ಕ್ಯಾಲೊರಿ ಬರೀ ಅನ್ನ. ಈಗ ಬಡಿಸುವ ಅಣ್ಣನಿಗೆ ಮೊದಲೇ "ಅರ್ಧ ಅನ್ನ ಹಾಕ್ರಿ" ಅನ್ನುತ್ತೇನೆ.

ನವಲಗುಂದದ ಸೊಸೆ
ಅಕ್ಕಾ, ಮುಂದಿನ ವಾರ ನಮ್ಮ ಮನೆಯಲ್ಲಿ ಶೇಂಗಾ ಹೋಳಿಗೆ. ಅದರ ಲೆಕ್ಕ ಯಾರಾದರೂ ಮಾಡಿದ್ದೀರಾ?

ಗದಗಿನ ರೊಟ್ಟಿ ಅಕ್ಕ
ನಾನು ಮಾರುವುದಕ್ಕೆ ಮಾಡುತ್ತೇನೆ. ಒಂದು ಹೋಳಿಗೆಗೆ ಶೇಂಗಾ 20 ಗ್ರಾಂ, ಬೆಲ್ಲ 20 ಗ್ರಾಂ, ಹಿಟ್ಟು 15 ಗ್ರಾಂ, ಎಣ್ಣೆ ಒಂದು ಚಿಕ್ಕ ಚಮಚ. ಕ್ಯಾಲೊರಿ ಇಂಜಿನಿಯರ್ ಸರ್ ಹೇಳಲಿ.

ಗೋಕುಲ ರೋಡ್ ಇಂಜಿನಿಯರ್
110, 76, 51, 40. ಒಂದಕ್ಕೆ 277. ಮೇಲೆ ತುಪ್ಪ ಹಾಕಿಕೊಂಡರೆ ಅದು ಬೇರೆ.

ನವಲಗುಂದದ ಸೊಸೆ
ಹಾಗಾದರೆ ಎರಡು ಹೋಳಿಗೆ, ಅವತ್ತು ಮಧ್ಯಾಹ್ನ ರೊಟ್ಟಿ ಇಲ್ಲ. ಅತ್ತೆಯವರಿಗೆ ಈಗಲೇ ಹೇಳಿಬಿಡುತ್ತೇನೆ.